ಬೇರೆಯಾಗುವ ಮುನ್ನ ಮಗುವಿನ ಖರ್ಚು, ಮಗುವಿನ ಭೇಟಿ: ಒಪ್ಪಂದದಲ್ಲಿ ಏನು ಬರೆಯಬೇಕು

ಗಂಡ ಹೆಂಡತಿ ತಾವೇ ಕೂತು ಮಾತಾಡಿ ಬರೆಸಿಕೊಂಡ ಒಪ್ಪಂದ ಪತ್ರಗಳಲ್ಲಿ ಒಡವೆ, ಕಾರು, ಸೈಟು, ಗೃಹಸಾಲದ ಕಂತಿಗೆ ಮೂರು ಪುಟ ಹೋಗಿರುತ್ತದೆ. ಮಗುವಿನ ಪಾಲಿಗೆ ಉಳಿಯುವುದು ಎರಡು ಸಾಲು: ‘ಮಗು ತಾಯಿಯ ಬಳಿ ಇರತಕ್ಕದ್ದು. ತಂದೆಯು ಉಭಯತ್ರರ ಅನುಕೂಲಕ್ಕೆ ತಕ್ಕಂತೆ ಭೇಟಿ ಮಾಡಿ, ಸೂಕ್ತ ಖರ್ಚು ಕೊಡತಕ್ಕದ್ದು.’ ಸಹಿ ಹಾಕುವ ದಿನ ಇಬ್ಬರಿಗೂ ಇದು ಸೌಜನ್ಯದ ಮಾತಾಗಿ ಕಾಣುತ್ತದೆ. ಆರು ತಿಂಗಳಲ್ಲಿ ಜಗಳ ಹುಟ್ಟುವುದೂ ಇಲ್ಲಿಂದಲೇ. ಅನುಕೂಲ ಯಾರದು, ಸೂಕ್ತ ಎಂದರೆ ಎಷ್ಟು ಎಂಬುದನ್ನು ಆಮೇಲೆ ತೀರ್ಮಾನಿಸಲು ಹೋದರೆ, ಆಗ ಇಬ್ಬರ ನಡುವೆ ಆ ಸೌಜನ್ಯ ಉಳಿದಿರುವುದಿಲ್ಲ. ಒಪ್ಪಂದವನ್ನು ಬರೆಯಬೇಕಾದದ್ದು ಮಾತು ನಿಂತುಹೋದ ದಿನಕ್ಕಾಗಿ. ಯಾರು, ಯಾವಾಗ, ಎಷ್ಟು, ಆಗದಿದ್ದರೆ ಏನು ಎಂಬ ನಾಲ್ಕಕ್ಕೂ ಪ್ರತಿ ಷರತ್ತಿನಲ್ಲಿ ಉತ್ತರ ಇರಬೇಕು.

ಮೊದಲು ಕಾನೂನಿನ ನೆಲೆ. ನೂರು ರೂಪಾಯಿಯ ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮುದ್ರೆ ಒತ್ತಿಸಿದರೆ ವಿಚ್ಛೇದನ ಆಗುವುದಿಲ್ಲ. ಆ ಕಾಗದ ಇಬ್ಬರ ನಡುವಿನ ಕರಾರು ಮಾತ್ರ. ಹಣ ಬರದಿದ್ದರೆ ಅದನ್ನೇ ಹಿಡಿದು ನೇರವಾಗಿ ವಸೂಲಿಗೆ ಹೋಗಲಾಗದು. ಅದನ್ನು ಸಾಕ್ಷ್ಯವಾಗಿಟ್ಟು ಹೊಸದಾಗಿ ಪ್ರಕರಣ ಹೂಡಬೇಕಾಗುತ್ತದೆ. ಅದೇ ಷರತ್ತುಗಳು ನ್ಯಾಯಾಲಯದ ಡಿಕ್ರಿಯೊಳಗೆ, ಅಂದರೆ ಅಂತಿಮ ಆದೇಶದೊಳಗೆ, ಸೇರಿದ್ದರೆ ಅದನ್ನು ಜಾರಿ ಮಾಡಿಸಿಕೊಡಿ ಎಂಬ ಅಮಲ್ಜಾರಿ ಅರ್ಜಿ ಹಾಕಿದರೆ ಸಾಕು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಹೋಗುವವರು (ವಿಶೇಷ ವಿವಾಹ ಕಾಯ್ದೆಯಲ್ಲಾದರೆ 28ನೇ ಕಲಂ, ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲಾದರೆ 10ಎ) ಮಗುವಿನ ಷರತ್ತುಗಳನ್ನು ಅರ್ಜಿಯಲ್ಲೇ ಪೂರ್ತಿಯಾಗಿ ಬರೆಸಿ, ಅವು ಡಿಕ್ರಿಯ ಭಾಗವಾಗಲಿ ಎಂದು ಕೇಳಬೇಕು. ‘ಪ್ರತ್ಯೇಕ ಒಪ್ಪಂದ ಮಾಡಿಕೊಂಡಿದ್ದೇವೆ’ ಎಂಬ ಒಂದು ಸಾಲು ಸಾಲದು.

ವಿಚ್ಛೇದನ ಬೇಡ, ಸದ್ಯ ಬೇರೆ ಇರುತ್ತೇವೆ ಎನ್ನುವವರಿಗೂ ದಾರಿಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅಲ್ಲಿನ ಅವಾರ್ಡಿಗೆ (ರಾಜಿಯನ್ನು ದಾಖಲಿಸಿದ ಆದೇಶ) ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ. ಅಪ್ಪ ಅಮ್ಮನಿಗೆ ಮದುವೆಯೇ ಆಗಿರದಿದ್ದರೂ ಮಗುವಿನ ಜೀವನಾಂಶದ ಹಕ್ಕು ತಪ್ಪುವುದಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿದೆ.

ಇಬ್ಬರೂ ಒಪ್ಪಿದರೂ ಕಾನೂನು ಒಪ್ಪದ ಒಂದು ಕೊಡುಕೊಳ್ಳುವಿಕೆ ಇದೆ. ‘ನೀನು ದುಡ್ಡು ಕೊಡಬೇಡ, ಮಗುವನ್ನು ನೋಡಲೂ ಬರಬೇಡ’ ಎಂಬ ಷರತ್ತು ಕಾಗದದ ಮೇಲೆ ಬರುತ್ತಲೇ ಇರುತ್ತದೆ. ಜೀವನಾಂಶ ಮಗುವಿನ ಹಕ್ಕು. ಅದನ್ನು ತಾಯಿಯಾಗಲಿ ತಂದೆಯಾಗಲಿ ಬಿಟ್ಟುಕೊಡಲು ಬರುವುದಿಲ್ಲ. ‘ಮಗುವಿನ ಪರವಾಗಿ ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಸಹಿ ಹಾಕಿದ್ದರೂ ನಾಳೆ ಮಗುವಿನ ಹೆಸರಿನಲ್ಲಿ ಅರ್ಜಿ ಬರಬಹುದು, ಬಂದಾಗ ಆ ಸಾಲು ಅಡ್ಡ ನಿಲ್ಲುವುದಿಲ್ಲ. ಹಣ ನಿಂತಿತೆಂದು ಭೇಟಿ ನಿಲ್ಲಿಸುವುದು, ಭೇಟಿ ತಪ್ಪಿತೆಂದು ಹಣ ತಡೆಯುವುದು ಕೂಡ ಇದೇ ಜಾತಿಯ ತಪ್ಪು. ಎರಡೂ ಬೇರೆ ಬೇರೆ, ಒಂದರ ಉಲ್ಲಂಘನೆಗೆ ಇನ್ನೊಂದನ್ನು ತಡೆಯುವಂತಿಲ್ಲ ಎಂದು ಒಪ್ಪಂದದಲ್ಲಿ ಬಿಡಿಸಿ ಬರೆಯಿರಿ. ಪತ್ರದಲ್ಲಿ ಒಂದೇ ಒಂದು ಷರತ್ತಿಗೆ ಜಾಗವಿದೆ ಎಂದರೆ ನಾನು ಬರೆಸುವುದು ಇದನ್ನೇ.

ಖರ್ಚಿನ ಲೆಕ್ಕ

ಮೊತ್ತದ ಚೌಕಾಸಿ ಶುರುವಾಗುವ ಮೊದಲು ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರ ಮುಂದಿಡಬೇಕು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಈ ವಿವರದ ಅಫಿಡವಿಟ್ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿ, ಅದಕ್ಕೊಂದು ನಮೂನೆಯನ್ನೂ ಕೊಟ್ಟಿದೆ. ನ್ಯಾಯಾಲಯಕ್ಕೆ ಹೋಗದೆ ಮಾತಾಡಿಕೊಳ್ಳುವವರು ಅದೇ ನಮೂನೆಯನ್ನು ತುಂಬಿ ವಿನಿಮಯ ಮಾಡಿಕೊಂಡರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಕಳೆದ ಆರು ತಿಂಗಳ ಸಂಬಳ ಚೀಟಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ.

ಆಮೇಲೆ ಮಗುವಿನ ತಿಂಗಳ ಖರ್ಚನ್ನು ಬಾಬ್ತುವಾರು ಬರೆಯಿರಿ. ಒಂದು ಉದಾಹರಣೆ ಹೀಗೆ: ಶಾಲಾ ಶುಲ್ಕ ವರ್ಷಕ್ಕೆ 96,000, ಅಂದರೆ ತಿಂಗಳಿಗೆ 8,000. ವ್ಯಾನಿಗೆ 2,000. ಪುಸ್ತಕ, ಸಮವಸ್ತ್ರ, ಶೂ ವರ್ಷಕ್ಕೆ 18,000, ತಿಂಗಳಿಗೆ 1,500. ಟ್ಯೂಷನ್, ಆಟದ ತರಬೇತಿ 2,500. ಊಟ, ಹಾಲು 6,000. ಬಟ್ಟೆ, ಔಷಧಿ 2,000. ಮನೆ ಬಾಡಿಗೆ ಮತ್ತು ವಿದ್ಯುತ್‌ನಲ್ಲಿ ಮಗುವಿನ ಪಾಲು 5,000. ಆರೋಗ್ಯ ವಿಮೆಯ ಕಂತು 1,000. ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರಿಗೆ 2,000. ಒಟ್ಟು 30,000. ಜನ ಮರೆಯುವುದು ಬಾಡಿಗೆಯ ಪಾಲನ್ನು ಮತ್ತು ವರ್ಷಕ್ಕೊಮ್ಮೆ ಬರುವ ಬಾಬ್ತುಗಳನ್ನು. ಅವನ್ನು ಬಿಟ್ಟರೆ ಈ ಲೆಕ್ಕ 15,000ದ ಹತ್ತಿರ ಬಂದು ನಿಲ್ಲುತ್ತದೆ, ಮಗುವನ್ನು ಇಟ್ಟುಕೊಂಡವರು ಮೇ ತಿಂಗಳಲ್ಲಿ ಸಾಲ ಮಾಡುತ್ತಾರೆ.

ತಂದೆಯ ಕೈಗೆ ಬರುವ ಸಂಬಳ 90,000, ತಾಯಿಯದು 60,000 ಎಂದಿಟ್ಟುಕೊಳ್ಳಿ. ಪ್ರಮಾಣ 60:40. ತಂದೆಯ ಪಾಲು 18,000, ತಾಯಿಯದು 12,000. ಮಗು ತಾಯಿಯ ಜೊತೆಗಿದ್ದರೆ ಆಕೆಯ 12,000 ಮನೆಯಲ್ಲೇ ಖರ್ಚಾಗುತ್ತದೆ, ತಂದೆ 18,000 ಕೊಡುತ್ತಾರೆ. ತಾಯಿಯೂ ಸಾಕಷ್ಟು ದುಡಿಯುವಲ್ಲಿ ಮಕ್ಕಳ ಓದಿನ ಖರ್ಚನ್ನು ಆದಾಯದ ಪ್ರಮಾಣಕ್ಕೆ ಹಂಚಬಹುದು ಎಂಬ ಮಾತು ಆ 2020ರ ತೀರ್ಪಿನಲ್ಲೂ ಇದೆ. ಅರ್ಧ ಅರ್ಧ ಎಂಬ ಹಂಚಿಕೆ ಕೇಳಲು ಸರಳ. ಆದರೆ ಆದಾಯದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಮಗು ಒಂದು ಮನೆಯಲ್ಲಿ ಕೊರತೆಯನ್ನೂ ಇನ್ನೊಂದರಲ್ಲಿ ಧಾರಾಳವನ್ನೂ ನೋಡುತ್ತಾ ಬೆಳೆಯುತ್ತದೆ.

ಶಾಲಾ ಶುಲ್ಕ ಮತ್ತು ವ್ಯಾನಿನ ಹಣವನ್ನು ತಂದೆ ನೇರವಾಗಿ ಕಟ್ಟಿ, ಉಳಿದ 8,000 ಮಾತ್ರ ಪ್ರತಿ ತಿಂಗಳು ತಾಯಿಯ ಖಾತೆಗೆ ಹಾಕುವುದು ಒಳ್ಳೆಯ ಏರ್ಪಾಡು. ಹಣ ಹೋದದ್ದೆಲ್ಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಮುಂದೆ ಶುಲ್ಕ ಏರಿದರೆ ಏರಿದಷ್ಟನ್ನು 60:40 ಹಂಚಬೇಕೋ, ಎಲ್ಲ ತಂದೆಯದೋ ಎಂದು ಬರೆದಿರಬೇಕು. ಇನ್ನೊಂದು ಮಾತು ಇದಕ್ಕೆ ಅಂಟಿಕೊಂಡೇ ಬರಬೇಕು: ಈ ಪತ್ರದಲ್ಲಿ ಹೇಳಿರದ ಯಾವ ಖರ್ಚನ್ನೂ ತಿಂಗಳ ಮೊತ್ತದಿಂದ ಮುರಿಯುವಂತಿಲ್ಲ. ‘ಹುಟ್ಟುಹಬ್ಬಕ್ಕೆ ಸೈಕಲ್ ಕೊಡಿಸಿದ್ದೇನೆ, ಈ ತಿಂಗಳು 8,000 ಇಲ್ಲ’ ಎಂಬ ತಕರಾರು ಬಹಳ ಸಾಮಾನ್ಯ. ಉಡುಗೊರೆ ಉಡುಗೊರೆಯೇ, ಜೀವನಾಂಶವಲ್ಲ.

ವಾರ್ಷಿಕ ಏರಿಕೆ ಇಲ್ಲದ ಒಪ್ಪಂದ ವರ್ಷವರ್ಷ ಸವೆಯುತ್ತದೆ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೂ ಇಂದಿನ 18,000ಕ್ಕೆ ಹತ್ತು ವರ್ಷದ ಬಳಿಕ ಉಳಿಯುವ ಬೆಲೆ ಸುಮಾರು 10,000. ಆದ್ದರಿಂದ ಪ್ರತಿ ಜೂನ್ 1ರಿಂದ ಶೇ ಇಷ್ಟು ಹೆಚ್ಚಳ ಎಂದು ಬರೆಸಬೇಕು. ಆ ಹೆಚ್ಚಳ ಹಿಂದಿನ ವರ್ಷದ ಮೊತ್ತದ ಮೇಲೋ, ಮೊದಲ ಮೊತ್ತದ ಮೇಲೋ ಎಂಬುದೂ ಇರಬೇಕು. ಶೇ 8ರ ಏರಿಕೆಯಲ್ಲಿ ಹಿಂದಿನ ವರ್ಷದ ಮೊತ್ತವನ್ನು ಹಿಡಿದರೆ 18,000 ಹತ್ತು ವರ್ಷದಲ್ಲಿ ಸುಮಾರು 38,900 ಆಗುತ್ತದೆ, ಮೊದಲ ಮೊತ್ತವನ್ನೇ ಹಿಡಿದರೆ 32,400. ಒಂದು ಪದ ಬಿಟ್ಟದ್ದಕ್ಕೆ ತಿಂಗಳಿಗೆ ಆರೂವರೆ ಸಾವಿರದ ವ್ಯಾಜ್ಯ.

ಪಾವತಿಯ ದಿನ ತಿಂಗಳ 5ನೇ ತಾರೀಖು, ದಾರಿ ಬ್ಯಾಂಕ್ ವರ್ಗಾವಣೆ ಮಾತ್ರ. ಸಾಧ್ಯವಾದರೆ ಪ್ರತಿ ತಿಂಗಳು ತಾನಾಗಿ ಹಣ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟುಬಿಡಿ. ಕೈಯಲ್ಲಿ ನಗದು ಕೊಡಬೇಡಿ: ಕೊಟ್ಟವರಿಗೆ ರಸೀದಿಯಿಲ್ಲ, ಪಡೆದವರ ಮೇಲೆ ಆರೋಪ ತಪ್ಪಿದ್ದಲ್ಲ. ಮೊದಲ ಕಂತು ಪತ್ರಕ್ಕೆ ಸಹಿ ಬಿದ್ದ ತಿಂಗಳಿಂದಲೇ ಶುರುವಾಗಲಿ. 13ಬಿ ಅರ್ಜಿಯಲ್ಲಿ ಮೊದಲ ಹಾಜರಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳ ಅವಧಿಯಿದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದಾದರೂ ಎಲ್ಲರಿಗೂ ಮಾಡುವುದಿಲ್ಲ. ಡಿಕ್ರಿ ಆಗುವ ತನಕ ಇಬ್ಬರಲ್ಲಿ ಯಾರಾದರೂ ಸಮ್ಮತಿ ಹಿಂಪಡೆಯಲೂ ಬಹುದು. ಆಸ್ತಿಯ ಹಂಚಿಕೆ ಆ ಹಂತಗಳಿಗೆ ಕಾಯಲಿ, ಮಗುವಿನ ಊಟ ಕಾಯಬಾರದು.

ದೊಡ್ಡ, ಅನಿರೀಕ್ಷಿತ ಖರ್ಚುಗಳಿಗೆ ಬೇರೆ ಷರತ್ತು ಬೇಕು. ನಾನು ಸೂಚಿಸುವ ಮಾದರಿ ಇದು: 5,000 ಮೀರಿದ ಯಾವುದೇ ಖರ್ಚಿಗೆ ಮೊದಲು ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ತಿಳಿಸಬೇಕು. 48 ಗಂಟೆಯಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ. ತುರ್ತು ಚಿಕಿತ್ಸೆಗೆ ಈ ಕಾಯುವಿಕೆ ಇಲ್ಲ. ಬಿಲ್ಲನ್ನು 7 ದಿನದಲ್ಲಿ ಕಳಿಸಬೇಕು, ಪಾಲನ್ನು 15 ದಿನದಲ್ಲಿ ಕೊಡಬೇಕು. ಮಗು ಯಾರ ಆರೋಗ್ಯ ವಿಮೆಯಲ್ಲಿದೆಯೋ ಅವರು ವಿಮಾ ಕಾರ್ಡಿನ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಿರಬೇಕು. ಕಂಪನಿಯ ಗುಂಪು ವಿಮೆಯಾದರೆ ಕೆಲಸ ಬಿಟ್ಟ 7 ದಿನದೊಳಗೆ ತಿಳಿಸಬೇಕು.

ಎಷ್ಟು ವಯಸ್ಸಿನವರೆಗೆ? ಪತ್ರದಲ್ಲಿ ‘ಪ್ರಾಪ್ತ ವಯಸ್ಸಿನವರೆಗೆ’ ಎಂದಿದ್ದರೆ 18ಕ್ಕೆ ನಿಲ್ಲುತ್ತದೆ. ಆಗ ಮಗು ದ್ವಿತೀಯ ಪಿಯುಸಿಯಲ್ಲೋ ಪದವಿಯ ಮೊದಲ ವರ್ಷದಲ್ಲೋ ಇರುತ್ತದೆ, ದೊಡ್ಡ ಖರ್ಚು ಶುರುವಾಗುವುದೇ ಅಲ್ಲಿಂದ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಆಮೇಲೂ ಆಸರೆ ಕೊಡುತ್ತದೆ. ಆರೋಗ್ಯವಂತ ಮಗನಿಗೆ ಆ ಆಸರೆ ಇಲ್ಲ. ಹಾಗಾಗಿ ‘ಮೊದಲ ಪದವಿ ಮುಗಿಯುವವರೆಗೆ ಅಥವಾ 23 ವರ್ಷ, ಯಾವುದು ಮೊದಲೋ ಅದು’ ಎಂಬಂಥ ಸಾಲನ್ನು ಗಂಡು ಮಗುವಿಗಂತೂ ಸೇರಿಸಲೇಬೇಕು.

ತಿಂಗಳ ರಗಳೆ ಬೇಡ, ಒಂದೇ ಸಲ ಇಡಿಗಂಟು ಕೊಟ್ಟುಬಿಡೋಣ ಎನ್ನುವವರು ಬಹಳ. ಗಂಡ ಹೆಂಡತಿಯ ನಡುವಿನ ಲೆಕ್ಕಕ್ಕೆ ಅದು ಸರಿ, ಮಗುವಿನ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಇಡಿಗಂಟು ಖರ್ಚಾಗಿ ಹೋದ ಮೇಲೂ ಮಗುವಿನ ಹಕ್ಕು ಉಳಿದಿರುತ್ತದೆ, ಕೊಟ್ಟವರು ಎರಡನೇ ಸಲ ಕೊಡಬೇಕಾಗಬಹುದು. ಕೊಡಲೇಬೇಕೆಂದರೆ ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಟ್ಟು, ನ್ಯಾಯಾಲಯದ ಅನುಮತಿಯಿಲ್ಲದೆ ಅವಧಿಗೆ ಮುನ್ನ ಮುರಿಯುವಂತಿಲ್ಲ ಎಂಬ ಷರತ್ತನ್ನು ಡಿಕ್ರಿಯಲ್ಲೇ ಹಾಕಿಸಿ. ಅದರ ಬಡ್ಡಿ, ವಿಚ್ಛೇದನವಾಗಿದ್ದರೆ, ಮಗುವನ್ನು ಸಾಕುವವರ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಲೆಕ್ಕ ಹಾಕುವಾಗ ಇದು ನೆನಪಿರಲಿ. ಹತ್ತು ವರ್ಷ ತುಂಬದ ಹೆಣ್ಣು ಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ ಗರಿಷ್ಠ 1.5 ಲಕ್ಷ ಹಾಕಬಹುದು, ಅದು ಸುಲಭಕ್ಕೆ ಕೈಗೆ ಸಿಗದ ಹಣ ಎಂಬುದೇ ಇಲ್ಲಿ ಲಾಭ. ಫ್ಲ್ಯಾಟನ್ನು ಮಗುವಿನ ಹೆಸರಿಗೆ ಬರೆಯುವುದಾದರೆ ದಾನಪತ್ರ ನೋಂದಣಿ ಆಗಲೇಬೇಕು. ಆಮೇಲೆ ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಪೋಷಕರು ಅದನ್ನು ಮಾರಲಾಗದು.

ಕೊಡುವವರು ತೀರಿಕೊಂಡರೆ? ಈ ಪ್ರಶ್ನೆ ಕೇಳಲು ಎಲ್ಲರಿಗೂ ಮುಜುಗರ, ಹಾಗಾಗಿ ಪತ್ರದಲ್ಲಿ ಇರುವುದೇ ಇಲ್ಲ. ಉಳಿದಿರುವ ವರ್ಷಗಳ ಜೀವನಾಂಶಕ್ಕೆ ಸಮನಾದ ಟರ್ಮ್ ಇನ್ಶೂರೆನ್ಸ್ ಮಾಡಿಸಿ, ಕಂತು ಕಟ್ಟಿದ ರಸೀದಿಯನ್ನು ವರ್ಷಕ್ಕೊಮ್ಮೆ ಇನ್ನೊಬ್ಬರಿಗೆ ಕಳಿಸುವ ಷರತ್ತು ಹಾಕಿ. ಅಪ್ರಾಪ್ತ ಮಗು ನಾಮಿನಿಯಾದರೆ ಹಣ ಪಡೆಯುವವರೊಬ್ಬರನ್ನು ಪಾಲಿಸಿಯಲ್ಲಿ ಹೆಸರಿಸಬೇಕು. ಅದು ಯಾರೆಂಬುದನ್ನು ಈಗಲೇ ಒಪ್ಪಿಕೊಳ್ಳಿ.

ಭೇಟಿಯ ಲೆಕ್ಕ

ಹಣಕ್ಕಿಂತ ಕಷ್ಟದ ಭಾಗ ಇದು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಇಬ್ಬರ ಪಾಲನೆಯೂ ಸೇರಿದ ಜಂಟಿ ಕಸ್ಟಡಿಗೆ ಕಾನೂನಿನಲ್ಲಿ ಜಾಗ ಇರಬೇಕೆಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಒಪ್ಪಂದದಲ್ಲಿ ಇಬ್ಬರೂ ಬಯಸಿದರೆ ಅದನ್ನು ಬರೆಯಲು ಅಡ್ಡಿಯಿಲ್ಲ, ಮನೆಗಳು ಒಂದೇ ಊರಿನಲ್ಲಿ, ಶಾಲೆಗೆ ಹತ್ತಿರವಾಗಿ ಇರಬೇಕು ಅಷ್ಟೆ.

ಮೂರು ವರ್ಷದೊಳಗಿನ ಮಗುವಿಗೆ ತಿಂಗಳಿಗೊಮ್ಮೆ ಇಡೀ ದಿನ ಸಿಗುವುದಕ್ಕಿಂತ ವಾರಕ್ಕೆ ಮೂರು ಸಲ ಎರಡೆರಡು ಗಂಟೆ ಸಿಗುವುದು ಒಳ್ಳೆಯದು. ಅಷ್ಟು ಚಿಕ್ಕ ಮಗುವಿಗೆ ತಿಂಗಳೆಂದರೆ ಬಹಳ ದೂರ, ಮುಖ ಮರೆತು ಅಳುತ್ತದೆ. ಆ ಅಳುವನ್ನೇ ತೋರಿಸಿ ‘ಮಗುವಿಗೆ ಇಷ್ಟವಿಲ್ಲ’ ಎನ್ನಲಾಗುತ್ತದೆ. ರಾತ್ರಿ ತಂಗುವುದನ್ನು ಹಂತಹಂತವಾಗಿ ಸೇರಿಸಿ: ಮೊದಲ ಮೂರು ತಿಂಗಳು ಹಗಲು ಮಾತ್ರ, ಆಮೇಲೆ ತಿಂಗಳಿಗೆ ಒಂದು ರಾತ್ರಿ, ಆರು ತಿಂಗಳ ನಂತರ ಎರಡು. ಹಂತಗಳು ಪತ್ರದಲ್ಲೇ ಇದ್ದರೆ ಪ್ರತಿ ಸಲ ಹೊಸದಾಗಿ ಬೇಡಬೇಕಾಗಿಲ್ಲ.

ಶಾಲೆಗೆ ಹೋಗುವ ಮಗುವಿಗೆ ‘ವಾರ ಬಿಟ್ಟು ವಾರ’ ಎಂದು ಬರೆದರೆ ರಜೆ ಮುಗಿದ ಮೇಲೆ ಎಣಿಕೆ ಎಲ್ಲಿಂದ ಎಂಬ ಗೊಂದಲ ತಪ್ಪುವುದಿಲ್ಲ. ‘ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಮಧ್ಯಾಹ್ನ 2ರಿಂದ ಭಾನುವಾರ ಸಂಜೆ 6ರವರೆಗೆ, ಐದನೇ ಶನಿವಾರ ಬಂದರೆ ಅದೂ ತಂದೆಗೆ’ ಎಂದು ಬರೆದರೆ ಕ್ಯಾಲೆಂಡರ್ ನೋಡಿದರೆ ಮುಗಿಯಿತು. ದಸರಾ ರಜೆ ಮತ್ತು ಬೇಸಿಗೆ ರಜೆಯನ್ನು ಶಾಲೆಯ ವೇಳಾಪಟ್ಟಿಯ ಪ್ರಕಾರ ಸಮನಾಗಿ ಎರಡು ಮಾಡಿ, ಸಮ ಸಂಖ್ಯೆಯ ವರ್ಷದಲ್ಲಿ ಮೊದಲರ್ಧ ತಾಯಿಗೆ, ಬೆಸ ವರ್ಷದಲ್ಲಿ ತಂದೆಗೆ. ಹಬ್ಬ, ಮಗುವಿನ ಹುಟ್ಟುಹಬ್ಬಕ್ಕೂ ಇದೇ ಸರದಿ. ಇವು ಒಂದರ ಮೇಲೊಂದು ಬಿದ್ದಾಗ ಯಾವುದು ಗೆಲ್ಲುತ್ತದೆ ಎಂಬುದನ್ನು ಬಹುತೇಕ ಪತ್ರಗಳು ಹೇಳುವುದೇ ಇಲ್ಲ. ಮೊದಲು ಹಬ್ಬದ ಸರದಿ, ಆಮೇಲೆ ರಜೆ, ಕೊನೆಗೆ ವಾರಾಂತ್ಯ ಎಂಬ ಒಂದೇ ಸಾಲು ವರ್ಷಕ್ಕೆ ನಾಲ್ಕು ಜಗಳ ಉಳಿಸುತ್ತದೆ.

ಮಗುವನ್ನು ಒಪ್ಪಿಸುವ ಜಾಗ ಮುಖ್ಯ. ಇಬ್ಬರ ನಡುವೆ ಕಹಿ ಇನ್ನೂ ಹಸಿಯಾಗಿದ್ದರೆ ಮನೆ ಬಾಗಿಲು ಬೇಡ. ಶನಿವಾರ ಶಾಲೆಯಿಂದಲೇ ತಂದೆ ಕರೆದುಕೊಂಡು ಹೋಗಿ, ಸೋಮವಾರ ಬೆಳಗ್ಗೆ ಶಾಲೆಗೇ ಬಿಟ್ಟರೆ ಅಪ್ಪ ಅಮ್ಮ ಎದುರುಬದುರಾಗುವ ಪ್ರಸಂಗವೇ ಬರದು, ಇಬ್ಬರ ಮುಖ ನೋಡಿ ಮಗು ಹೆದರುವುದೂ ತಪ್ಪುತ್ತದೆ. ಅದಕ್ಕೆ ಭಾನುವಾರ ಸಂಜೆಯ ಬದಲು ಸೋಮವಾರ ಎಂದು ಬರೆಯಬೇಕು, ಇಬ್ಬರೂ ಸಹಿ ಮಾಡಿದ ಪತ್ರವನ್ನು ಶಾಲೆಗೆ ಕೊಟ್ಟಿರಬೇಕು. ಕರೆದೊಯ್ಯಲು ಬೇರೆ ಯಾರು ಬರಬಹುದು, ಅಜ್ಜ, ಅತ್ತೆ, ಚಿಕ್ಕಪ್ಪ, ಅವರ ಹೆಸರೂ ಅದರಲ್ಲಿರಲಿ. ಬಟ್ಟೆ, ಔಷಧಿ, ಶಾಲಾ ಚೀಲ ಮಗುವಿನ ಜೊತೆಗೇ ಬರಬೇಕು, ಅದರ ಜೊತೆಗೇ ಹಿಂದಿರುಗಬೇಕು.

ತಪ್ಪಿದಾಗ ಏನು? 30 ನಿಮಿಷ ಕಾಯುವುದು, ಸುದ್ದಿಯಿಲ್ಲದೆ ಅದಕ್ಕೂ ಮೀರಿದರೆ ಆ ದಿನದ ಭೇಟಿ ರದ್ದು. ಬರಬೇಕಾದವರೇ ತಪ್ಪಿಸಿದ್ದರೆ ಬದಲಿ ದಿನವಿಲ್ಲ. ಮಗುವಿಗೆ ಹುಷಾರಿಲ್ಲದೆಯೋ ಇಟ್ಟುಕೊಂಡವರ ಕಾರಣಕ್ಕೋ ತಪ್ಪಿದ್ದರೆ 14 ದಿನದೊಳಗೆ ಅಷ್ಟೇ ಗಂಟೆಗಳ ಬದಲಿ ಭೇಟಿ. ಸತತ ಎರಡು ಸಲ ಅನಾರೋಗ್ಯದ ಕಾರಣ ಬಂದರೆ ವೈದ್ಯರ ಚೀಟಿ. ಬದಲಿ ದಿನದ ಷರತ್ತಿಗೆ ದಂಡದ ಷರತ್ತಿಗಿಂತ ಹೆಚ್ಚು ಬೆಲೆಯಿದೆ, ಏಕೆಂದರೆ ಭೇಟಿ ತಪ್ಪಿಸಿದರೂ ಸಿಗುವ ಲಾಭವೇನೂ ಇರುವುದಿಲ್ಲ.

ದೂರದಲ್ಲಿರುವವರಿಗೆ ವಿಡಿಯೋ ಕರೆ ಬರೀ ಸೌಕರ್ಯವಲ್ಲ. ಕಸ್ಟಡಿ ಸಿಗದ ಪೋಷಕರಿಗೆ ದಿನಕ್ಕೆ 5ರಿಂದ 10 ನಿಮಿಷವಾದರೂ ಮಗುವಿನ ಜೊತೆ ಮಾತಾಡುವ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಕರೆಯ ಸಮಯ (ಉದಾಹರಣೆಗೆ ಸಂಜೆ 7.30), ಯಾವ ಫೋನಿಗೆ, ಕರೆ ಸೇರದಿದ್ದರೆ ಮತ್ತೆ ಯಾವಾಗ ಎಂದು ಬರೆಯಿರಿ. ಪಕ್ಕದಲ್ಲಿ ಕೂತು ಹೇಳಿಕೊಡುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ ಎಂದೂ ಸೇರಿಸಿ. ಮಗುವಿನ ಬಾಯಲ್ಲಿ ಹಣದ ಸಂದೇಶ ಕಳಿಸುವುದನ್ನೂ ಇದೇ ಷರತ್ತಿನಲ್ಲಿ ನಿಷೇಧಿಸಿ. ‘ಅಪ್ಪನಿಗೆ ಫೀಸ್ ಕಟ್ಟು ಅಂತ ಹೇಳು’ ಎಂಬ ಮಾತು ಎಂಟು ವರ್ಷದ ಮಗುವಿನ ಹೆಗಲಿಗೆ ಹೇರುವ ಹೊರೆ ದೊಡ್ಡದು.

ವಿದೇಶ ಪ್ರಯಾಣದ ಷರತ್ತನ್ನು ಹಗುರವಾಗಿ ಬಿಡಬೇಡಿ. ಬೇರೆ ದೇಶಕ್ಕೆ ಒಯ್ದ ಮಗುವನ್ನು ಹಿಂದಿರುಗಿಸಲು ದೇಶಗಳು ಮಾಡಿಕೊಂಡ, ಮಕ್ಕಳ ಅಪಹರಣಕ್ಕೆ ಸಂಬಂಧಿಸಿದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಗಡಿ ದಾಟಿದ ಮೇಲೆ ವಾಪಸ್ ತರುವುದು ದೀರ್ಘ ಹೋರಾಟ. 30 ದಿನ ಮೊದಲು ಪ್ರಯಾಣದ ವಿವರ, ಹಿಂದಿರುಗುವ ಟಿಕೆಟ್ಟಿನ ಪ್ರತಿ, ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕು. ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ, ನವೀಕರಣಕ್ಕೆ ಸಹಿಯನ್ನು ಎಷ್ಟು ದಿನದಲ್ಲಿ ಕೊಡಬೇಕು ಎಂಬುದೂ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಐದೇ ವರ್ಷದ ಆಯಸ್ಸು. ಊರು ಬದಲಿಸುವವರು 90 ದಿನ ಮೊದಲು ತಿಳಿಸಬೇಕು, ಹೊಸ ವೇಳಾಪಟ್ಟಿ ಆಗುವ ತನಕ ಮಗುವಿನ ಶಾಲೆ ಬದಲಿಸಬಾರದು.

ಈ ಪತ್ರ ಶಾಶ್ವತವೇ ಎಂದು ಕೇಳಿದರೆ, ಅಲ್ಲ. ಇಬ್ಬರೂ ಒಪ್ಪಿ ಡಿಕ್ರಿ ಆಗಿದ್ದರೂ ಮಗುವಿನ ಹಿತಕ್ಕಾಗಿ ಕಸ್ಟಡಿ, ಭೇಟಿಯ ಷರತ್ತುಗಳನ್ನು ಬದಲಿಸಬಹುದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಒಪ್ಪಂದದಲ್ಲಿ ನಿಗದಿಯಾದ ಜೀವನಾಂಶವನ್ನೂ ಪರಿಸ್ಥಿತಿ ಗಣನೀಯವಾಗಿ ಬದಲಾದರೆ ಮಾರ್ಪಡಿಸಲು ದತ್ತಕ ಮತ್ತು ಜೀವನಾಂಶ ಕಾಯ್ದೆಯ 25ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ಪರಿಶೀಲನೆಯ ಕಾಲವನ್ನು ನೀವೇ ಗೊತ್ತು ಮಾಡಿಡಿ: ಮಗುವಿಗೆ 5 ಆದಾಗ, 10 ಆದಾಗ, ಹತ್ತನೇ ತರಗತಿ ಮುಗಿದಾಗ. ಒಮ್ಮತ ಬರದಿದ್ದರೆ ಮೊದಲು 30 ದಿನ ಮಧ್ಯಸ್ಥಿಕೆ, ಆಮೇಲೆ ನ್ಯಾಯಾಲಯ. ಅಲ್ಲಿಯವರೆಗೆ ಹಳೆಯ ಷರತ್ತೇ ಜಾರಿಯಲ್ಲಿರುತ್ತದೆ. ಕೆಲಸ ಹೋದವರು ತಾವಾಗಿ ಮೊತ್ತ ಇಳಿಸಬಾರದು, ತಕ್ಷಣ ಮಾರ್ಪಾಡಿಗೆ ಅರ್ಜಿ ಹಾಕಬೇಕು. ಕಾದಷ್ಟೂ ಬಾಕಿ ಬೆಳೆಯುತ್ತದೆ. ಹಣ ಪಡೆಯಬೇಕಾದವರೂ ಕಾಯಬಾರದು: ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಡಿ ಆದೇಶವಾಗಿದ್ದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಅಲ್ಲಿ ವಸೂಲಿಯ ವಾರಂಟ್ ಸಿಗುತ್ತದೆ.

ಸಹಿಗೆ ಮುನ್ನ ಇಬ್ಬರೂ ಬೇರೆ ಬೇರೆ ವಕೀಲರಿಗೆ ಕರಡನ್ನು ತೋರಿಸಿ. ಒಬ್ಬರೇ ವಕೀಲರಿದ್ದರೆ ‘ನನಗೆ ತಿಳಿಸಿರಲಿಲ್ಲ’ ಎಂಬ ಮಾತು ಆಮೇಲೆ ಬಂದೇ ಬರುತ್ತದೆ. ಭಾಷೆ ಇಬ್ಬರಿಗೂ ಓದಲು ಬರುವಂಥದ್ದಾಗಿರಲಿ, ಪ್ರತಿ ಪುಟಕ್ಕೂ ಸಹಿ ಇರಲಿ. ಡಿಕ್ರಿಯಾದ ಮೇಲೆ ದೃಢೀಕೃತ ಪ್ರತಿಗಳನ್ನು ಇಬ್ಬರೂ ತೆಗೆದುಕೊಂಡು, ಭೇಟಿಯ ವೇಳಾಪಟ್ಟಿಯನ್ನು ಮಾತ್ರ ಬೇರೆ ಒಂದು ಹಾಳೆಗೆ ಇಳಿಸಿ ಶಾಲೆಗೂ, ಮಗುವನ್ನು ನೋಡಿಕೊಳ್ಳುವವರಿಗೂ ಒಂದೊಂದು ಕೊಟ್ಟಿಡಿ. ಹಣದ ಪುಟ ಅವರಿಗೆ ಬೇಕಿಲ್ಲ.